ಕಳೆದುಹೋದ ಅಪ್ಪನ ವಾಚು, ಚೀಲದಲ್ಲಿ ಸಿಕ್ಕ ಪಿನ್ನು

ಪ್ರಶ್ನೆ: ಅಪ್ಪ ಎಷ್ಟೋ ವರ್ಷ ಕಟ್ಟಿದ್ದ ಕೀ ಕೊಡುವ ವಾಚು ಅವರು ತೀರಿಕೊಂಡ ಮೇಲೆ ನನಗೆ ಬಂತು. ತಾರೀಖಿನ ಕಿಟಕಿ ಇರುವ ಹಳೆಯ ಸ್ಟೀಲ್ ವಾಚು. ದಿನಾ ಬೆಳಗ್ಗೆ ಏಳಕ್ಕೆ ಪೂರ್ತಿ ಕೀ ಕೊಟ್ಟು ಕಟ್ಟಿಕೊಳ್ಳುತ್ತೇನೆ. ಎರಡು ತಿಂಗಳ ಹಿಂದೆ ಹೊಸ ಚರ್ಮದ ಸ್ಟ್ರಾಪ್ ಹಾಕಿಸಿದೆ. ಮೊನ್ನೆ 14ನೇ ತಾರೀಖು ಭಾನುವಾರ ಕಾರಿನಲ್ಲಿ ಅಕ್ಕನ ಮನೆಗೆ ಹೋಗಿ ಬಂದೆ. ರಾತ್ರಿ ಕೈ ನೋಡಿಕೊಂಡರೆ ವಾಚಿಲ್ಲ. ಮನೆಗೆ ಬಂದು ಮಂಚದ ಪಕ್ಕ ಬಿಚ್ಚಿಟ್ಟ ಹಾಗೆ ನೆನಪು. ಹನ್ನೊಂದು ದಿನದಿಂದ ಹುಡುಕುತ್ತಿದ್ದೇನೆ. ನಿನ್ನೆ ಹೆಗಲಚೀಲದ ತಳದಲ್ಲಿ ಗುಂಡುಪಿನ್ನಿಗಿಂತ ಕೊಂಚ ದಪ್ಪದ ಒಂದು ಪುಟ್ಟ ಲೋಹದ ಕಡ್ಡಿ ಸಿಕ್ಕಿತು. ಅದಕ್ಕೂ ವಾಚಿಗೂ ಸಂಬಂಧ ಇದೆಯೇ? ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಮಂಚದ ಕೆಳಗೆ ಎಳೆಯೋಣ ಅಂತಾರೆ ನಮ್ಮ ಮನೆಯವರು. ಯಾರಾದರೂ ತೆಗೆದುಕೊಂಡಿರಬಹುದೇ ಎಂಬ ಅನುಮಾನವೂ ಇದೆ. ಸಿಕ್ಕರೆ ಮೊದಲು ಏನು ಮಾಡಬೇಕು?

ಉತ್ತರ: ಆ ಕಡ್ಡಿಯನ್ನು ಎಸೆದಿಲ್ಲ ತಾನೇ? ಮೊದಲು ಅದನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ ಮುಚ್ಚಿಡಿ. ಹನ್ನೊಂದು ದಿನದಲ್ಲಿ ನಿಮಗೆ ಸಿಕ್ಕ ಗಟ್ಟಿ ಸುಳಿವು ಅಂದರೆ ಅದೊಂದೇ.

ನೀವು ಹೇಳಿದ್ದನ್ನು ನೋಡಿದರೆ ಅದು ವಾಚಿನ ಸ್ಪ್ರಿಂಗ್ ಪಿನ್ ಇರಬೇಕು. ಖಾತ್ರಿ ಮಾಡಿಕೊಳ್ಳುವುದು ಸುಲಭ. ಎರಡು ತುದಿಯಲ್ಲೂ ಸಣ್ಣ ಮೂತಿ ಇರುತ್ತದೆ. ಉಗುರಿನಿಂದ ಒತ್ತಿದರೆ ಒಳಗೆ ಹೋಗಿ, ಬಿಟ್ಟ ಕೂಡಲೇ ಹೊರಗೆ ಬರುತ್ತದೆ. ಹಾಗೆ ಆಡಿದರೆ ಅದು ವಾಚಿನ ಪಿನ್ನೇ. ಒಂದು ಕಡೆಯ ಮೂತಿ ಒಳಗೇ ಸಿಕ್ಕಿಕೊಂಡಿದ್ದರೆ, ಅಥವಾ ಮುರಿದಿದ್ದರೆ, ವಾಚು ಯಾಕೆ ಬಿತ್ತು ಅನ್ನುವುದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ಈ ಪಿನ್ನಿನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ವಾಚಿನ ಮೇಲ್ಗಡೆ ಎರಡು, ಕೆಳಗಡೆ ಎರಡು ಕಾಲುಗಳಿರುತ್ತವೆ. ನಾವು ಅವನ್ನು ಲಗ್ ಅನ್ನುತ್ತೇವೆ. ಲಗ್ಗಿನ ಒಳಮೈಯಲ್ಲಿ ಒಂದು ಸಣ್ಣ ತೂತು. ಚರ್ಮದ ಸ್ಟ್ರಾಪಿನ ತುದಿಯನ್ನು ಮಡಚಿ ಹೊಲಿದು ಒಂದು ತೂಬಿನ ಥರ ಮಾಡಿರುತ್ತಾರಲ್ಲ, ಪಿನ್ ಅದರೊಳಗೆ ಮಲಗಿರುತ್ತದೆ. ಅದರ ಎರಡು ಮೂತಿಗಳು ಲಗ್ಗಿನ ತೂತುಗಳಲ್ಲಿ ಕೂರುತ್ತವೆ. ಪಿನ್ನಿನ ದಪ್ಪ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್. ಮೂತಿಯ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ವಾಚಿಗೆ ಎಷ್ಟೇ ಬೆಲೆ ಇರಲಿ, ಅದನ್ನು ಕೈಮೇಲೆ ಹಿಡಿದಿರುವುದು ಇಂಥ ನಾಲ್ಕು ಮೂತಿಗಳು. ನಾಲ್ಕರಲ್ಲಿ ಒಂದು ಜಾರಿದರೂ ಸಾಕು, ಕೈಯಿಂದ ವಾಚು ಕೆಳಗೆ.

ಈಗ ನಿಮ್ಮ ಚೀಲಕ್ಕೆ ಬರೋಣ. ಲಗ್ಗಿನಿಂದ ಮೂತಿ ಜಾರಿದಾಗ ಪಿನ್ ಎಲ್ಲೋ ಹಾರಿಹೋಗುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಚರ್ಮದ ಸ್ಟ್ರಾಪಿನಲ್ಲಿ ಹಾಗೆ ಆಗುವುದು ಕಮ್ಮಿ. ಅದು ಆ ತೂಬಿನೊಳಗೇ ಸ್ವಲ್ಪ ಹೊತ್ತು ಉಳಿದುಕೊಳ್ಳುತ್ತದೆ. ಸ್ಟ್ರಾಪಿನ ತುದಿ ಎಲ್ಲಾದರೂ ಉಜ್ಜಿದಾಗಲೋ, ಕೆಳಮುಖ ಆದಾಗಲೋ ಮೆಲ್ಲಗೆ ಜಾರಿ ಬೀಳುತ್ತದೆ. ಅಂದರೆ ಪಿನ್ ಚೀಲದ ತಳದಲ್ಲಿ ಸಿಕ್ಕಿದೆ ಅಂದರೆ ಸ್ಟ್ರಾಪಿನ ತುದಿ ಆ ಚೀಲದೊಳಗೆ ಇತ್ತು, ಇಲ್ಲವೇ ಅದರ ಬಾಯಿಯ ಮೇಲೆ ಇತ್ತು. ಸ್ಟ್ರಾಪ್ ಇದ್ದ ಕಡೆ ವಾಚೂ ಇತ್ತು. ಮಂಚದ ಪಕ್ಕ ಬಿಚ್ಚಿಟ್ಟ ನೆನಪಿಗಿಂತ ಈ ಪಿನ್ನಿನ ಮಾತನ್ನು ನಾನು ಜಾಸ್ತಿ ನಂಬುತ್ತೇನೆ.

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ನೆನಪು ಸುಳ್ಳು ಅಂತ ಅಲ್ಲ. ನೀವು ದಿನಾ ರಾತ್ರಿ ಮಂಚದ ಪಕ್ಕ ವಾಚ್ ಬಿಚ್ಚಿಡುತ್ತೀರಿ ಅಲ್ವಾ? ಮುನ್ನೂರು ರಾತ್ರಿಯ ನೆನಪು ಒಂದರ ಮೇಲೊಂದು ಕೂತಿರುತ್ತದೆ. ಅದರಲ್ಲಿ 14ನೇ ತಾರೀಖಿನದು ಯಾವುದು ಅಂತ ಮನಸ್ಸಿಗೆ ಗೊತ್ತಾಗುವುದಿಲ್ಲ. ಇದರಲ್ಲಿ ನಾನೂ ಏಮಾರಿದ್ದೇನೆ. ವಾಚ್ ರಿಪೇರಿ ಮಾಡುವವನ ವಾಚೇ ಒಂದು ಸಲ ಕಾಣೆಯಾಯಿತು. ಕೆಲಸದ ಮೇಜಿನ ಮೇಲೆ ಬಿಚ್ಚಿಟ್ಟೆ ಅಂತ ಆಣೆ ಮಾಡುತ್ತಿದ್ದೆ. ಮೂರು ದಿನ ಮೇಜಿನ ಡ್ರಾಯರುಗಳನ್ನೆಲ್ಲ ಬೋರಲು ಹಾಕಿದೆ. ಕೊನೆಗೆ ಮಗಳು ಫೋನಿನಲ್ಲಿ ಒಂದು ಫೋಟೊ ತೋರಿಸಿದಳು. ಅಂಗಡಿ ಮುಚ್ಚಿ ಎರಡು ಗಂಟೆಯಾದ ಮೇಲೆ ಮನೆಯಲ್ಲಿ ತೆಗೆದದ್ದು. ಕೈಮೇಲೆ ವಾಚ್ ಸರಿಯಾಗಿ ಕಾಣುತ್ತಿದೆ! ಅದು ಸಿಕ್ಕಿದ್ದು ಸೋಫಾದ ಬೆನ್ನಿಗೂ ಕೂರುವ ಜಾಗಕ್ಕೂ ನಡುವಿನ ಸಂದಿಯಲ್ಲಿ.

ಹಾಗಾಗಿ ಮೊದಲ ಕೆಲಸ ಹುಡುಕುವುದಲ್ಲ. ಆ ಭಾನುವಾರ ಅಕ್ಕನ ಮನೆಯಲ್ಲಿ ಯಾರಾದರೂ ಫೋಟೊ ತೆಗೆದಿದ್ದಾರಾ ಕೇಳಿ. ನಿಮ್ಮ ಫೋನಿನಲ್ಲೂ ನೋಡಿ. ಪ್ರತಿ ಫೋಟೊದಲ್ಲೂ ಅದನ್ನು ತೆಗೆದ ಸಮಯ ಇರುತ್ತದೆ. ದೊಡ್ಡದು ಮಾಡಿ ಕೈ ನೋಡಿ. ವಾಚಿರುವ ಕೊನೆಯ ಫೋಟೊ ಯಾವುದು, ಇಲ್ಲದ ಮೊದಲ ಫೋಟೊ ಯಾವುದು? ಇವೆರಡರ ನಡುವಿನ ಹೊತ್ತಿನಲ್ಲಿ ವಾಚ್ ಹೋಗಿದೆ. ಒಂದೇ ಒಂದು ಫೋಟೊ ಸಿಕ್ಕರೂ ಅರ್ಧ ಮನೆ ಹುಡುಕುವ ಶ್ರಮ ತಪ್ಪುತ್ತದೆ.

ಆಮೇಲೆ ಚೀಲ. ಒಳಗೆ ಕೈಯಾಡಿಸಿ ನೋಡಿದ್ದೀರಿ, ಗೊತ್ತು. ಅದು ಸಾಲದು. ಚೀಲವನ್ನು ಪೂರ್ತಿ ಖಾಲಿ ಮಾಡಿ, ಒಳಮೈ ಹೊರಗೆ ತಿರುವಿ. ಒಳಗಿನ ಬಟ್ಟೆಯ ಹೊಲಿಗೆ ಎಲ್ಲಾದರೂ ಬಿಟ್ಟಿದೆಯಾ ಅಂತ ಬೆರಳಿನಿಂದ ಉದ್ದಕ್ಕೂ ತಡವಿ. ಜೇಬಿನ ಮೂಲೆಗಳಲ್ಲಿ ಹೊಲಿಗೆ ಬಿಡುವುದು ಮಾಮೂಲು. ಕೀ ಕೊಡುವ ಹಳೆಯ ವಾಚುಗಳು ತೆಳುವಾಗಿರುತ್ತವೆ, ಎರಡು ಬೆರಳು ಅಗಲದ ಕಿಂಡಿ ಇದ್ದರೆ ಒಳಬಟ್ಟೆಯ ಹಿಂದೆ ಇಳಿದುಬಿಡುತ್ತವೆ. ಒಳಗೆ ಏನಿಲ್ಲ ಅಂತ ಅನ್ನಿಸಿದರೂ ಚೀಲದ ತಳವನ್ನು ಹೊರಗಿನಿಂದ ಹಿಸುಕಿ ನೋಡಿ. ಆ ದಿನ ಚೀಲದಲ್ಲಿ ಏನೇನಿತ್ತು? ಛತ್ರಿ? ಮಡಚಿದ ಶಾಲು? ಅಕ್ಕ ಕೊಟ್ಟ ಡಬ್ಬಿ, ಕವರು? ಅವೆಲ್ಲ ಈಗ ಎಲ್ಲಿವೆ? ಮಡಚಿದ ಛತ್ರಿಯೊಳಗೆ ವಾಚ್ ಸಿಕ್ಕಿದ್ದು ನನಗೆ ಗೊತ್ತು. ಅದರ ಯಜಮಾನರು ಮುಂದಿನ ಮಳೆ ಬರುವವರೆಗೆ ಕಾಯಬೇಕಾಯಿತು, ಅಷ್ಟೇ.

ಚೀಲದಲ್ಲಿಲ್ಲ ಅಂದರೆ ಕಾರು. ವಾಚ್ ಬೀಳುವುದು ಸುಮ್ನೆ ಕೂತಾಗ ಅಲ್ಲ. ಏನಾದರೂ ಸ್ಟ್ರಾಪನ್ನು ಎಳೆದಾಗ, ಇಲ್ಲವೇ ಕೈಯನ್ನು ಇಕ್ಕಟ್ಟಿನಿಂದ ಹೊರಗೆ ತೆಗೆದಾಗ. ಚೀಲದ ಪಟ್ಟಿಯನ್ನು ಹೆಗಲಿಂದ ಇಳಿಸುವುದು, ಸೀಟ್ ಬೆಲ್ಟ್ ಬಿಚ್ಚುವುದು, ಜಾಕೆಟ್ ತೆಗೆಯುವುದು, ಮಲಗಿದ ಮಗುವಿನ ಬೆನ್ನಡಿಯಿಂದ ಕೈ ಎಳೆದುಕೊಳ್ಳುವುದು, ಇಂಥವು. ಕಾರಿನಿಂದ ಇಳಿಯುವಾಗ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ನಡೆಯುತ್ತವೆ. ಸೀಟಿಗೂ ಬಾಗಿಲಿಗೂ ನಡುವೆ, ಸೀಟಿಗೂ ಗೇರಿನ ಪಕ್ಕದ ಡಬ್ಬಿಗೂ ನಡುವೆ ಕೈ ಹೋಗದಂಥ ಸಂದಿ ಇರುತ್ತದೆ. ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ಹಿಂದಿನಿಂದ ನೋಡಿ, ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನಿಂದ ನೋಡಿ. ಸೀಟು ಜಾರುವ ಹಳಿಯ ಪಕ್ಕ ಕಾರ್ಪೆಟ್ ಸ್ವಲ್ಪ ಮೇಲೆದ್ದಿರುತ್ತದೆ, ಅದರ ಅಡಿಗೂ ಬೆರಳು ಹಾಕಿ. ಸೀಟ್ ತಳ್ಳುವ ಮೊದಲು ಒಂದು ಸಲ ಟಾರ್ಚ್ ಬಿಟ್ಟು ನೋಡಿಕೊಳ್ಳಿ. ಹಳಿಯ ಮೇಲೇ ವಾಚಿದ್ದರೆ ಗಾಜು ಪುಡಿಯಾಗುತ್ತದೆ.

ಇಲ್ಲಿ ಒಂದು ವಿಷಯ. ಪಿನ್ ಜಾರಿ ಬಿದ್ದ ವಾಚು ನೆಲದ ಮೇಲೆ ಗುಂಡಗೆ ಬಿದ್ದಿರುತ್ತದೆ ಅಂದುಕೊಳ್ಳಬೇಡಿ. ಬಕಲ್ ಹಾಕಿದ ಹಾಗೇ ಇರುತ್ತದೆ. ಒಂದು ಕಡೆ ಬಿಚ್ಚಿಕೊಂಡು ವಾಚು, ಸ್ಟ್ರಾಪು ಎಲ್ಲ ಸೇರಿ ಒಂದು ಉದ್ದನೆಯ ಪಟ್ಟಿ ಆಗಿರುತ್ತದೆ. ಪಟ್ಟಿಯಂಥದ್ದು ಸಂದಿಗೆ ಇಳಿಯುತ್ತದೆ, ಅಂಚಿಗೆ ನೇತುಬೀಳುತ್ತದೆ, ತೋಳಿನೊಳಗೆ ಜಾರುತ್ತದೆ. ನೀವು ಹುಡುಕಬೇಕಾದ ಆಕಾರ ಅದು. ಡಯಲ್ ಕೆಳಗೆ ಮಾಡಿ ಬಿದ್ದಿದ್ದರೆ ಕಾಣುವುದು ಚರ್ಮದ ಬೆನ್ನು ಮಾತ್ರ. ಕಣ್ಣು ಹೊಳೆಯುವ ಗಾಜನ್ನು ಹುಡುಕುತ್ತಿರುತ್ತದೆ, ಕಂದು ಪಟ್ಟಿಯನ್ನು ದಾಟಿಕೊಂಡು ಹೋಗಿಬಿಡುತ್ತದೆ.

ಪಿನ್ನನ್ನು ಅಳೆದೂ ನೋಡಿ. ಹಳೆಯ ಸ್ಟ್ರಾಪ್ ಇಟ್ಟುಕೊಂಡಿದ್ದೀರಾ? ವಾಚಿಗೆ ಸೇರುತ್ತಿದ್ದ ಅದರ ತುದಿಯ ಅಗಲ ಎಷ್ಟೋ ಲಗ್ಗುಗಳ ನಡುವಿನ ಅಂತರ ಸುಮಾರಾಗಿ ಅಷ್ಟೇ. ಹಳೆಯ ವಾಚುಗಳಲ್ಲಿ ಸಾಮಾನ್ಯವಾಗಿ 18 ಮಿಲಿಮೀಟರ್ ಇರುತ್ತದೆ. ಪಿನ್ನನ್ನು ಒತ್ತದೆ ಮೂತಿಯಿಂದ ಮೂತಿಗೆ ಅಳೆದರೆ ಅದಕ್ಕಿಂತ ಒಂದೂವರೆ, ಎರಡು ಮಿಲಿಮೀಟರ್ ಜಾಸ್ತಿ ಇರಬೇಕು. ಅಷ್ಟಿಲ್ಲದಿದ್ದರೆ ಸ್ಟ್ರಾಪ್ ಹಾಕಿದವರು ಚಿಕ್ಕ ಪಿನ್ ಹಾಕಿದ್ದಾರೆ. ಮೂತಿ ತೂತಿನ ಅಂಚಿಗೆ ತಾಗಿಕೊಂಡು ಎರಡು ತಿಂಗಳು ಹೇಗೋ ನಿಂತಿದೆ. ಪಿನ್ ಇನ್ನೂ ಚಿಕ್ಕದಿದ್ದರೆ ಅದು ಬಕಲ್ಲಿನ ಪಿನ್ ಆಗಿರಬಹುದು. ಸ್ಟ್ರಾಪ್ ಬಕಲ್ಲಿನ ಕಡೆಗೆ ಕಿರಿದಾಗುತ್ತಾ ಹೋಗುವುದರಿಂದ ಅಲ್ಲಿಯ ಪಿನ್ ಚಿಕ್ಕದು. ಹಾಗಾದರೆ ಬಕಲ್ಲೂ ಎಲ್ಲಾದರೂ ಬೇರೆಯಾಗಿ ಬಿದ್ದಿರುತ್ತದೆ. ಅದು ಸಿಕ್ಕ ಜಾಗದಿಂದ ಮತ್ತೊಂದು ಸುಳಿವು.

ಅವತ್ತು ಹಾಕಿಕೊಂಡಿದ್ದ ಬಟ್ಟೆ ಒಗೆದಾಗಿದೆಯೋ ಏನೋ. ತೋಳಿನ ಮಡಿಕೆ, ಜಾಕೆಟ್ಟಿನ ಒಳಪದರ ನೋಡಿ. ವಾಷಿಂಗ್ ಮಷೀನ್ ಮುಂದೆ ಬಾಗಿಲಿರುವಂಥದ್ದಾದರೆ ಬಾಗಿಲಿನ ಸುತ್ತ ಇರುವ ದಪ್ಪ ರಬ್ಬರಿನ ಮಡಿಕೆಯೊಳಗೆ ಬೆರಳು ಹಾಕಿ ಒಂದು ಸುತ್ತು ಬನ್ನಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಚೀಲವನ್ನು ಖಾಲಿ ಮಾಡುವ ಮೊದಲು ಕಾಗದದ ಮೇಲೆ ಸುರಿದು ನೋಡಿ. ವಾಚಿಲ್ಲದಿದ್ದರೂ ಇನ್ನೊಂದು ಪಿನ್ ಸಿಗಬಹುದು.

ಮನೆಯೊಳಗೆ ಮತ್ತೆ ಹುಡುಕುವುದೇ ಆದರೆ ರಾತ್ರಿ ಹುಡುಕಿ, ದೀಪ ಆರಿಸಿ. ಟಾರ್ಚನ್ನು ಮೇಲಿನಿಂದ ಬಿಡಬೇಡಿ, ನೆಲದ ಮೇಲೇ ಅಡ್ಡ ಮಲಗಿಸಿ ಬೆಳಕನ್ನು ನೆಲದ ಉದ್ದಕ್ಕೆ ಹರಿಯಬಿಡಿ. ಸಣ್ಣ ವಸ್ತುವಿಗೂ ಉದ್ದ ನೆರಳು ಬೀಳುತ್ತದೆ, ಗಾಜು ಮತ್ತು ಸ್ಟೀಲ್ ಮಿಂಚುತ್ತವೆ. ನಾವು ಮೇಜಿನಿಂದ ಹಾರಿದ ಸ್ಕ್ರೂಗಳನ್ನು ಹುಡುಕುವುದು ಹೀಗೇ. ಕೆಲವು ಅಕ್ಕಿಕಾಳಿನ ಕಾಲು ಭಾಗದಷ್ಟೂ ಇರುವುದಿಲ್ಲ, ಆದರೂ ಸಿಗುತ್ತವೆ. ಇನ್ನೊಂದು, ನೀವೇ ಹುಡುಕಬೇಡಿ, ಇನ್ನೊಬ್ಬರಿಗೆ ಹೇಳಿ. ನಾಲ್ಕು ಸಲ ನೋಡಿದ ಜಾಗವನ್ನು ಐದನೇ ಸಲ ನಾವು ನೋಡುವುದೇ ಇಲ್ಲ, ನೋಡಿದ ಹಾಗೆ ಮಾಡುತ್ತೇವೆ.

ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಇದ್ದರೆ ಏನಾದರೂ ಉಪಯೋಗ ಇದೆಯಾ? ಹೊಸ ವಾಚುಗಳಲ್ಲಿ ಇದೆ. 1990ರ ದಶಕದಿಂದ ಈಚಿನ ಬಣ್ಣಗಳು ಬೆಳಕು ಕುಡಿದು ಆಮೇಲೆ ಬಿಡುತ್ತವೆ. ಮಂಚದ ಕೆಳಗೆ ಒಂದು ನಿಮಿಷ ಟಾರ್ಚ್ ಬಿಟ್ಟು, ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನೋಡಿದರೆ ಹಸಿರು ಚುಕ್ಕಿಗಳು ಕಾಣುತ್ತವೆ. ನಿಮ್ಮ ಅಪ್ಪನ ಕಾಲದ ವಾಚಿನಲ್ಲಿ ಇದು ಕಷ್ಟ. ಆಗ ಬಹಳ ವಾಚುಗಳಲ್ಲಿ ಟ್ರಿಟಿಯಂ ಅನ್ನುವ ವಿಕಿರಣ ವಸ್ತುವನ್ನು ಬಳಸುತ್ತಿದ್ದರು. ಅದರ ಶಕ್ತಿ ಪ್ರತಿ 12 ವರ್ಷ ಚಿಲ್ಲರೆಗೆ ಅರ್ಧ ಆಗುತ್ತಾ ಬರುತ್ತದೆ. ಈಗ ಹೊಳೆಯುವಷ್ಟು ಉಳಿದಿರುವುದಿಲ್ಲ.

ಕಿವಿಯೂ ಈಗ ಪ್ರಯೋಜನಕ್ಕಿಲ್ಲ. ಕೀ ಕೊಡುವ ವಾಚು ಹಳೆಯದಾದರೆ ಸಾಮಾನ್ಯವಾಗಿ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಟಿಕ್ ಅನ್ನುತ್ತದೆ. ಮರದ ಕಪಾಟಿನ ಹಲಗೆಗೆ ಕಿವಿ ಇಟ್ಟರೆ ಕೇಳುತ್ತದೆ. ಆದರೆ ಪೂರ್ತಿ ಕೀ ಕೊಟ್ಟರೂ ಅದು ಓಡುವುದು 40 ಗಂಟೆಯ ಆಸುಪಾಸು. ಮೊದಲ ರಾತ್ರಿಯೇ ಮನೆಯ ಫ್ಯಾನ್, ಟಿವಿ ಎಲ್ಲ ನಿಲ್ಲಿಸಿ ಕಿವಿಗೊಟ್ಟಿದ್ದರೆ ಸಿಗುತ್ತಿತ್ತೋ ಏನೋ. ಹನ್ನೊಂದು ದಿನ ಕಳೆದಿದೆ, ಅದು ಎಂದೋ ನಿಂತಿದೆ. ಸೆಲ್ ವಾಚ್ ಕಳೆದುಕೊಂಡವರು ಮಾತ್ರ ಈ ಉಪಾಯವನ್ನು ತಿಂಗಳುಗಟ್ಟಲೆ ಮಾಡಬಹುದು. ಅದು ಸೆಕೆಂಡಿಗೆ ಒಂದೇ ಸಲ ಬಡಿಯುತ್ತದೆ, ಸದ್ದು ಬಹಳ ಮೆತ್ತಗೆ.

ಮ್ಯಾಗ್ನೆಟ್ ವಿಷಯಕ್ಕೆ ಬಂದರೆ, ನಿಮ್ಮ ಮನೆಯವರಿಗೆ ದಯವಿಟ್ಟು ದಾರ ಬಿಚ್ಚಲು ಹೇಳಿ. ಮೊದಲನೆಯದಾಗಿ ವಾಚಿನ ಕೇಸಿಗೆ ಬಳಸುವ ಸ್ಟೀಲ್ ಮ್ಯಾಗ್ನೆಟ್ಟಿಗೆ ಅಂಟುವ ಜಾತಿಯದಲ್ಲ. ಅಡುಗೆಮನೆಯ ಸ್ಟೀಲ್ ಪಾತ್ರೆಗಳಲ್ಲೂ ಕೆಲವು ಅಂಟುವುದಿಲ್ಲ ನೋಡಿ, ಹಾಗೆ. ಮ್ಯಾಗ್ನೆಟ್ ಪಕ್ಕದಲ್ಲೇ ಹೋದರೂ ವಾಚ್ ಕದಲುವುದಿಲ್ಲ. ಆದರೆ ಒಳಗಿನ ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿಯಬಹುದು. ಆಗ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚು ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡುತ್ತದೆ. ಅಂದರೆ ವಾಚೂ ಸಿಗಲಿಲ್ಲ, ಸಿಕ್ಕಾಗ ರಿಪೇರಿಯೂ ಕಾದಿದೆ. ಮರಳಿನಲ್ಲೋ ಹುಲ್ಲಿನಲ್ಲೋ ಕಳೆದಿದ್ದರೆ ಮೆಟಲ್ ಡಿಟೆಕ್ಟರ್ ಇರುವವರನ್ನು ಕರೆಯಿರಿ, ಅದು ನಿಜವಾಗಿ ಕೆಲಸ ಮಾಡುತ್ತದೆ.

ಯಾರಾದರೂ ತೆಗೆದುಕೊಂಡಿರಬಹುದೇ ಅಂತ ಕೇಳಿದ್ದೀರಿ. ಅದನ್ನು ಈಗಲೇ ಯಾರ ಮುಂದೆಯೂ ಬಾಯಿ ಬಿಡಬೇಡಿ. ನಿಮ್ಮ ವಾಚೇ ಅದಕ್ಕೆ ಉತ್ತರ ಹೇಳುತ್ತದೆ. ನಮ್ಮ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದು, ಸ್ವಲ್ಪ ಉದ್ದ ಹೇಳುತ್ತೇನೆ, ತಾಳ್ಮೆ ಇರಲಿ.

ನೀವು 14ರ ಬೆಳಗ್ಗೆ ಏಳಕ್ಕೆ ಪೂರ್ತಿ ಕೀ ಕೊಟ್ಟಿದ್ದೀರಿ. 40 ಗಂಟೆ ಓಡಿದರೆ 15ರ ರಾತ್ರಿ ಹನ್ನೊಂದಕ್ಕೆ ನಿಲ್ಲಬೇಕು. ಎಣ್ಣೆ ಹಳೆಯದಾಗಿದ್ದರೆ ಕೆಲವು ಗಂಟೆ ಮೊದಲೇ ನಿಲ್ಲಬಹುದು. ಒಳ್ಳೆಯ ಸ್ಪ್ರಿಂಗ್ ಆದರೆ 16ರ ಬೆಳಗಿನವರೆಗೆ ಎಳೆಯಬಹುದು. ಹಾಗಾಗಿ ವಾಚ್ ಸಿಕ್ಕಾಗ ಕಿಟಕಿಯಲ್ಲಿ 15 ಅಥವಾ 16 ಇದ್ದರೆ ಅದು ಬಿದ್ದಲ್ಲೇ ಬಿದ್ದಿತ್ತು, ಕೀ ಮುಗಿದು ತಾನಾಗಿ ನಿಂತಿತು, ಯಾರೂ ಮುಟ್ಟಿಲ್ಲ. ಕಿಟಕಿಯಲ್ಲಿ 14 ಇದ್ದು, ಮುಳ್ಳುಗಳು ಸಂಜೆಯ ಒಂದು ಹೊತ್ತು ತೋರಿಸುತ್ತಿದ್ದರೆ? ಅದು ಬಿದ್ದ ಏಟಿಗೇ ನಿಂತಿದೆ. ಬಿದ್ದ ನಿಮಿಷ ಡಯಲ್ಲಿನ ಮೇಲೇ ಬರೆದಿದೆ. ಇನ್ನು 18 ಅಂತಲೋ 21 ಅಂತಲೋ ಇದ್ದರೆ ಯಾರೋ ಅದಕ್ಕೆ ಕೀ ಕೊಟ್ಟಿದ್ದಾರೆ.

ಕೀ ಕೊಟ್ಟವರೆಲ್ಲ ಕಳ್ಳರಲ್ಲ, ನೆನಪಿರಲಿ. ಒಬ್ಬರು ಹೀಗೇ ಬಂದಿದ್ದರು. ವಾಚ್ ಮನೆಯ ಡ್ರಾಯರಿನಲ್ಲೇ ಸಿಕ್ಕಿತ್ತು, ತಾರೀಖು ಮಾತ್ರ ನಾಲ್ಕು ದಿನ ಮುಂದೆ. ಮನೆಗೆಲಸದವರ ಮೇಲೆ ಅನುಮಾನ ಪಟ್ಟು ಮಾತು ಆಡಿಯಾಗಿತ್ತು. ವಿಚಾರಿಸಿದರೆ ಐದು ವರ್ಷದ ಮೊಮ್ಮಗನಿಗೆ ಅದು ಸೋಫಾ ಅಡಿಯಲ್ಲಿ ಸಿಕ್ಕಿದೆ. ತಾತ ಮಾಡುವ ಹಾಗೇ ದಿನಾ ಕೀ ಕೊಟ್ಟು, ಕಿವಿಗಿಟ್ಟು ಕೇಳಿ, ತನ್ನ ಆಟದ ಸಾಮಾನಿನ ಡ್ರಾಯರಿನಲ್ಲಿ ಬಚ್ಚಿಡುತ್ತಿದ್ದ. ನಾಲ್ಕು ದಿನ ಆದ ಮೇಲೆ ಬೇಜಾರಾಗಿ ಬಿಟ್ಟಿದ್ದಾನೆ.

ಅದಕ್ಕೇ ಹೇಳುವುದು, ವಾಚ್ ಕಣ್ಣಿಗೆ ಬಿದ್ದ ಕೂಡಲೇ ಎತ್ತಿಕೊಳ್ಳಬೇಡಿ. ಕಷ್ಟ, ಗೊತ್ತು. ಆದರೂ ಮೊದಲು ಇದ್ದ ಹಾಗೇ ಒಂದು ಫೋಟೊ ತೆಗೆಯಿರಿ. ಡಯಲ್ ಮೇಲಿದ್ದರೆ ಹತ್ತಿರದಿಂದ ಇನ್ನೊಂದು. ನಿಂತ ವಾಚನ್ನು ಅಲುಗಿಸಿದರೆ ಸ್ಪ್ರಿಂಗಿನಲ್ಲಿ ಉಳಿದ ಚೂರು ಬಿಗಿಗೆ ಅದು ಒಂದೆರಡು ನಿಮಿಷ ಓಡಿಬಿಡುತ್ತದೆ. ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳುವ ಆಟೋಮ್ಯಾಟಿಕ್ ವಾಚಾದರೆ ಕೈಯಲ್ಲಿ ಹಿಡಿದ ಮಾತ್ರಕ್ಕೆ ಹೊಸದಾಗಿ ಶುರುವಾಗುತ್ತದೆ. ಅಷ್ಟು ಹೊತ್ತು ಕಾಪಾಡಿಕೊಂಡಿದ್ದ ಸಾಕ್ಷಿ ಅಳಿಸಿಹೋಗುತ್ತದೆ.

ಮನೆ, ಕಾರು, ಅಕ್ಕನ ಮನೆ ಎಲ್ಲೂ ಇಲ್ಲ ಅಂದರೆ ದಾರಿಯಲ್ಲಿ ಇಳಿದ ಜಾಗಗಳಲ್ಲಿ ಹೇಳಿಡಿ. ಹೇಳುವಾಗ ಒಂದು ಗುಟ್ಟನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ. ಬಣ್ಣ, ಡಯಲ್, ಸ್ಟ್ರಾಪ್ ಹೇಳಿ. ಹಿಂದಿನ ಮುಚ್ಚಳದ ಮೇಲಿನ ಗೀರು, ಕೆತ್ತಿದ ಹೆಸರು, ನಂಬರು ಇವನ್ನು ಹೇಳಬೇಡಿ. "ಸಿಕ್ಕಿದೆ, ಮೊದಲು ದುಡ್ಡು ಕಳಿಸಿ" ಅಂತ ಯಾರಾದರೂ ಫೋನ್ ಮಾಡಿದರೆ ಆ ಗುಟ್ಟನ್ನೇ ಕೇಳಿ. ಹಿಂಬದಿಯ ಫೋಟೊ ಕಳಿಸಲು ಹೇಳಿ. ನಿಜವಾಗಿ ಸಿಕ್ಕವರು ಎರಡು ನಿಮಿಷದಲ್ಲಿ ಕಳಿಸುತ್ತಾರೆ.

ಹಿಂಬದಿಯ ಗುರುತು ಎಷ್ಟು ದೂರ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಕಥೆಯೇ ಇದೆ. 1980ರಲ್ಲಿ ಯೋಕೊ ಓನೊ ತನ್ನ ಗಂಡ, ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್‌ಗೆ ನಲವತ್ತನೇ ಹುಟ್ಟುಹಬ್ಬಕ್ಕೆ ಒಂದು ಪಾಟೆಕ್ ಫಿಲಿಪ್ ವಾಚ್ ಕೊಟ್ಟರು. ಹಿಂದೆ ತಾರೀಖಿನ ಸಮೇತ ಬರಹ ಕೆತ್ತಿಸಿದ್ದರು. ಎಷ್ಟೋ ವರ್ಷದ ಮೇಲೆ ಅದು ಅವರ ಮನೆಯಿಂದ ಕಳುವಾಯಿತು. ಕೈಯಿಂದ ಕೈಗೆ ದಾಟಿ ಕೊನೆಗೆ ಜಿನೀವಾದಲ್ಲಿ ಪತ್ತೆಯಾಯಿತು. ಅದು ಓನೊ ಅವರದೇ ಅಂತ ಸ್ವಿಟ್ಜರ್ಲೆಂಡಿನ ಅತಿ ದೊಡ್ಡ ಕೋರ್ಟು 2024ರಲ್ಲಿ ತೀರ್ಪು ಕೊಟ್ಟಿತು. ಇನ್ನೊಂದು ಕಡೆ ಗಗನಯಾತ್ರಿ ಬಜ್ ಆಲ್ಡ್ರಿನ್ 1969ರಲ್ಲಿ ಚಂದ್ರನ ಮೇಲೆ ಕಟ್ಟಿಕೊಂಡಿದ್ದ ಒಮೆಗಾ ವಾಚು. ಅಲ್ಲಿಗೆ ಹೋಗಿ ಸುರಕ್ಷಿತವಾಗಿ ಭೂಮಿಗೆ ವಾಪಸ್ ಬಂತು. ಆಮೇಲೆ ಮ್ಯೂಸಿಯಂಗೆ ಅಂತ ಕಳಿಸಿದಾಗ ದಾರಿಯಲ್ಲಿ ಕಳೆದುಹೋಯಿತು. ಚಂದ್ರನಿಂದ ಬಂದದ್ದು ಪಾರ್ಸೆಲ್ಲಿನಲ್ಲಿ ಹೋಯಿತು ಅಂದರೆ, ನೀವು ನಿಮ್ಮನ್ನು ಇಷ್ಟೊಂದು ಬೈದುಕೊಳ್ಳುವುದು ಬೇಡ.

ನಿಮ್ಮ ವಾಚಿನ ಹಿಂದೆ ಏನೂ ಕೆತ್ತಿಲ್ಲ ಅಂತ ಇಟ್ಟುಕೊಳ್ಳಿ. ಆದರೂ ಗುರುತು ಇರುವ ಸಾಧ್ಯತೆ ಇದೆ. ನಮ್ಮಲ್ಲಿ ಬಹಳ ಜನ ರಿಪೇರಿ ಮಾಡಿದಾಗ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಸಣ್ಣದಾಗಿ ತಾರೀಖೋ, ತಮ್ಮ ಗುರುತೋ ಗೀಚಿರುತ್ತೇವೆ. ಹೊರಗಿನವರಿಗೆ ಕಾಣುವುದಿಲ್ಲ. ಅಪ್ಪ ವಾಚನ್ನು ಯಾರ ಬಳಿ ಕೊಡುತ್ತಿದ್ದರು ಗೊತ್ತಿದ್ದರೆ ಅವರನ್ನು ಹೋಗಿ ಕೇಳಿ. ಕೆಲವರ ಪುಸ್ತಕದಲ್ಲಿ ನಂಬರ್ ಸಮೇತ ಇರುತ್ತದೆ. ಸುತ್ತಲಿನ ರಿಪೇರಿಯವರಿಗೂ ಒಂದು ಮಾತು ಹೇಳಿಡಿ. ಸಿಕ್ಕ ವಾಚನ್ನು ಮಾರಲು ಬರುವವರು, ಸೆಲ್ ಹಾಕಿಸಲು ಬರುವವರು ಕೊನೆಗೆ ನಮ್ಮ ಮೇಜಿಗೇ ಬರಬೇಕು. ಕೀ ಕೊಡುವ ವಾಚಿಗೆ ಸೆಲ್ ಹಾಕಿ ಅಂತ ಕೇಳಿದವರನ್ನೂ ನೋಡಿದ್ದೇನೆ. ಅದು ಅವರ ವಾಚಲ್ಲ ಅಂತ ಗೊತ್ತಾಗಲು ಬೇರೆ ಸಾಕ್ಷಿ ಬೇಕೇ?

ಇನ್ನು ಸಿಕ್ಕ ಮೇಲೆ. ಒಣ ಜಾಗದಲ್ಲಿ ಸಿಕ್ಕರೆ, ಫೋಟೊ ಆದ ಮೇಲೆ, ಮೆಲ್ಲಗೆ ಐದಾರು ಸುತ್ತು ಮಾತ್ರ ಕೀ ಕೊಟ್ಟು ಕಿವಿಗಿಟ್ಟು ಕೇಳಿ. ಒಂದೇ ಲಯದಲ್ಲಿ ಬಡಿದರೆ ಒಳಗೆ ಏನೂ ಆಗಿಲ್ಲ. ಓಡಿ ಓಡಿ ನಿಂತರೆ, ಅಥವಾ ಮಲಗಿಸಿದಾಗ ಓಡಿ, ನೆಟ್ಟಗೆ ಹಿಡಿದಾಗ ನಿಂತುಹೋದರೆ, ಬಿದ್ದ ಏಟು ಬ್ಯಾಲೆನ್ಸಿನ, ಅಂದರೆ ಒಳಗೆ ಆ ಕಡೆ ಈ ಕಡೆ ತೂಗಾಡುವ ಚಕ್ರದ, ಅಚ್ಚಿಗೆ ತಾಗಿರಬಹುದು. ಆ ಅಚ್ಚಿನ ತುದಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ. ಮುಕ್ಕಾದರೆ ಬದಲಿಸಬಹುದು, ಹೆದರಬೇಡಿ. ಮತ್ತೆ ಮತ್ತೆ ಕೀ ಕೊಟ್ಟು ಓಡಿಸಲು ಮಾತ್ರ ಹೋಗಬೇಡಿ. ತಾರೀಖು ಸರಿ ಮಾಡುವುದಿದ್ದರೆ ಮುಳ್ಳು ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಇದ್ದಾಗ ತಿರುಗಿಸಬೇಡಿ. ಆ ಹೊತ್ತಿಗೆ ತಾರೀಖಿನ ಹಲ್ಲು ಸಿಕ್ಕಿಕೊಂಡಿರುತ್ತದೆ, ಮುರಿಯುತ್ತದೆ.

ನೀರಿನಲ್ಲೋ ಒದ್ದೆ ಮಣ್ಣಿನಲ್ಲೋ ಸಿಕ್ಕರೆ, ಗಾಜಿನ ಒಳಗೆ ಮಂಜು ಕಟ್ಟಿದ್ದರೆ, ಕೀ ಮುಟ್ಟಲೇಬೇಡಿ. ಅಕ್ಕಿಯಲ್ಲಿ ಹುದುಗಿಸುವುದು, ಹೇರ್ ಡ್ರೈಯರ್ ಬಿಡುವುದು ಬೇಡ. ಮುಚ್ಚಿದ ವಾಚಿನ ಒಳಗಿನ ನೀರನ್ನು ಅಕ್ಕಿ ಎಳೆಯುವುದಿಲ್ಲ. ಬಿಸಿಗಾಳಿ ಅದೇ ನೀರನ್ನು ಆವಿ ಮಾಡಿ ಒಳಗಿನ ಮೂಲೆ ಮೂಲೆಗೂ ಹರಡುತ್ತದೆ. ಅದೇ ದಿನ ರಿಪೇರಿಯವರ ಬಳಿ ಒಯ್ದು ಮುಚ್ಚಳ ತೆಗೆಸಿ. ನಾಳೆ ನೋಡೋಣ ಅಂದರೆ ತುಕ್ಕು ಕಾಯುವುದಿಲ್ಲ.

ಕೊನೆಗೆ ಸ್ಟ್ರಾಪ್. ಹಳೆಯ ಪಿನ್ನನ್ನೇ ಒರೆಸಿ ವಾಪಸ್ ಹಾಕಲು ಬಿಡಬೇಡಿ. ಎರಡೂ ಕಡೆ ಹೊಸದು, ಸರಿಯಾದ ಅಳತೆಯದು ಹಾಕಿಸಿ. ಅದಕ್ಕೂ ಮೊದಲು ಲಗ್ಗಿನ ತೂತುಗಳನ್ನು ಲೆನ್ಸ್ ಇಟ್ಟು ನೋಡಲು ಹೇಳಿ. ಇಷ್ಟು ವರ್ಷ ಕಟ್ಟಿದ ವಾಚಿನಲ್ಲಿ ತೂತು ಸವೆದು ಮೊಟ್ಟೆಯಾಕಾರ ಆಗಿರಬಹುದು. ಹಾಗಿದ್ದರೆ ದಪ್ಪ ಮೂತಿಯ ಪಿನ್ ಬೇಕು, ಮಾಮೂಲಿನದು ಮತ್ತೆ ಜಾರುತ್ತದೆ. ಹಾಕಿದ ಮೇಲೆ ಸ್ಟ್ರಾಪನ್ನು ಎರಡೂ ಕಡೆ ಜೋರಾಗಿ ಎಳೆದು ನೋಡಿ. ಅವರೆದುರೇ ಎಳೆಯಿರಿ, ಸಂಕೋಚ ಬೇಡ. ಬೆವರಿಗೆ ಸ್ಪ್ರಿಂಗ್ ತುಕ್ಕು ಹಿಡಿಯುವುದರಿಂದ ವರ್ಷಕ್ಕೊಮ್ಮೆ ಪಿನ್ ಬದಲಿಸುವುದು ಒಳ್ಳೆಯದು.

ಇನ್ನೂ ಭಯ ಇದ್ದರೆ ಬಟ್ಟೆಯ ಒಂದೇ ಉದ್ದ ಪಟ್ಟಿ ಬರುತ್ತದಲ್ಲ, ನೇಟೊ ಸ್ಟ್ರಾಪ್ ಅಂತಾರೆ, ಅದನ್ನು ಹಾಕಿಸಿ. ಬ್ರಿಟಿಷ್ ಸೇನೆಗೆ ಅಂತ 1973ರಲ್ಲಿ ಇದರ ಅಳತೆ ಗೊತ್ತುಮಾಡಿದರು. ಪಟ್ಟಿ ವಾಚಿನ ಹಿಂದಿನಿಂದ ಎರಡೂ ಪಿನ್ನುಗಳ ಒಳಗೆ ಹಾದುಹೋಗುತ್ತದೆ. ಒಂದು ಪಿನ್ ಹೋದರೂ ಇನ್ನೊಂದರಲ್ಲಿ ವಾಚು ಕೈಯಲ್ಲೇ ನೇತಾಡುತ್ತದೆ. ಅಪ್ಪನ ವಾಚಿಗೆ ಅದು ನೋಡಲು ಚೆಂದ ಕಾಣುವುದಿಲ್ಲ, ನನಗೂ ಗೊತ್ತು. ಮನೆಯಲ್ಲಿದ್ದಾಗ ಚರ್ಮದ್ದು, ಹೊರಗೆ ಹೊರಟಾಗ ಇದು ಅಂತ ಇಟ್ಟುಕೊಂಡವರೂ ಇದ್ದಾರೆ.

ಈಗ ಚೀಲವನ್ನು ತಿರುವಿ ಹಾಕಿ ನೋಡಿ. ತಾರೀಖಿನ ಕಿಟಕಿಯಲ್ಲಿ ಏನಿತ್ತು ಅಂತ ನನಗೂ ಬರೆಯಿರಿ.